ಬೇಗೂರಿನಲ್ಲಿ ಸಿಕ್ಕ ಏಳನೇ ಜೆಟ್

ಗೆಳೆಯರೇ, ಆಕಾಶದಲ್ಲಿ ಹೊಗೆಯ ಹೂ ಬಿಡಿಸುತ್ತಿದ್ದ ವಾಯುಪಡೆಯ ಆ ಒಂಬತ್ತು ನೀಲಿ ಜೆಟ್‌ಗಳು ನಿವೃತ್ತಿಯಾದ ಮೇಲೆ ಏನಾದವೆಂದು ನಾನು ಹುಡುಕುತ್ತಿರುವುದು ನಿಮಗೆ ಗೊತ್ತು. ಗುಂಡ್ಲುಪೇಟೆಯ ಗುಜರಿಯವರು ಎಸ್‌ಟಿಡಿ ಬೂತಿನಿಂದ ಸುಳಿವು ಕೊಟ್ಟಿದ್ದರು. ಇಂದು ಬೆಳಿಗ್ಗೆ ಬೇಗೂರಿನ ಪುಟ್ಟಮ್ಮನವರ ಅಂಗಳದಲ್ಲಿ ಏಳನೆಯದು ಸಿಕ್ಕಿತು. ಸಿಕ್ಕಿದ್ದು ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳ ಮಾತ್ರ. ಅಂಚಿನಲ್ಲಿ ಅದೇ ನೀಲಿ, ನನ್ನ ನೋಟ್‌ಬುಕ್ಕಿನಲ್ಲಿದ್ದ ಅದೇ ನಂಬರ್. ನೆಲಕ್ಕೆ ಕವುಚಿದ್ದ ಅದರೊಳಗೆ ಕೋಳಿಮರಿಗಳು ಮೋಡ ನೋಡುತ್ತ ಕೂತಿದ್ದವು. ನನಗೂ ಅಲ್ಲೇ ಕೂರುವ ಆಸೆಯಾಯಿತು.

"ಕೊಡ್ತೀರಾ ಅಮ್ಮ? ಇದು ಯುದ್ಧವಿಮಾನದ್ದು" ಎಂದೆ.

"ಯಾವುದ್ದಾದ್ರೂ ಆಗ್ಲಿ ಬುಡಪ್ಪ. ನೀನು ಎತ್ಕೊಂಡೋದ್ರೆ ನಮ್ ಮರಿಗಳ್ನ ಹದ್ದಿಂದ ಕಾಯೋರ್ಯಾರು?"

ನೋಟ್‌ಬುಕ್ಕಿನಲ್ಲಿ ಏಳನೇ ಜೆಟ್ಟಿನ ಮುಂದಿದ್ದ 'ಗುಜರಿ' ಎಂಬುದನ್ನು ಹೊಡೆದುಹಾಕಿ ಬರೆದೆ: 'ಈಗಲೂ ವಾಯುರಕ್ಷಣೆಯಲ್ಲಿದೆ.'