ಹಿತ್ತಲ ಬಾಗಿಲ ದೊಡ್ಡಮ್ಮ

ಬೆಳಕು ಹರಿಯುವ ಹೊತ್ತಿಗೇ ಆಕೆ ನ್ಯಾಯಾಲಯದ ಹಿಂಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದಾರೆ. ಬಾಗಿಲು ಕಿರ್ರೆಂದರೆ ಒಳಗಿರುವ ಮಕ್ಕಳು ಬೆಚ್ಚಿಬೀಳುತ್ತಾರೆ. ತೆಗೆದು, ಹಾಕಿ, ಸದ್ದಿಲ್ಲವೆಂದು ಖಾತ್ರಿಯಾದ ಮೇಲೇ ಕೈ ಒರೆಸಿಕೊಂಡು ಏಳುತ್ತಾರೆ.

ಹುದ್ದೆಯಲ್ಲಿ ಅಟೆಂಡರ್. ವಕೀಲರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರ ಬಾಯಲ್ಲೂ 'ಹಿತ್ತಲ ಬಾಗಿಲ ದೊಡ್ಡಮ್ಮ'. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಸಾಕ್ಷಿ ಹೇಳಲು ಬಂದಾಗ ಅವರನ್ನು ಈ ಬಾಗಿಲಿನಿಂದ ಕರೆತಂದು, ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿ, ಆರೋಪಿಯ ನೆರಳೂ ಸೋಕದಂತೆ ಕಾಯುವುದು ಅವರ ಕೆಲಸ. ಕೇಳುವುದಕ್ಕೇನೋ ಸುಲಭ, ಮಾಡಿ ನೋಡಬೇಕು!

ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಕಸ ಗುಡಿಸಲು ಬಂದವರು. ಈ ಕೋಣೆಗೆ ಹಾಕಿದ ಹೊಸದರಲ್ಲಿ, ಅಳುತ್ತಿದ್ದ ಮಗುವೊಂದಕ್ಕೆ ಪಾಪ ಎನಿಸಿ ಚಾಕಲೇಟ್ ಕೊಟ್ಟಿದ್ದರು. ಅಷ್ಟೇ ಸಾಕಾಯಿತು. "ಇದನ್ನು ಕೊಟ್ಟು ಏನು ಹೇಳು ಅಂದ್ರು?" ಎಂದು ಆರೋಪಿ ಪರ ವಕೀಲರು ಹಿಡಿದುಕೊಂಡರು. ಮಗು ತಬ್ಬಿಬ್ಬಾಯಿತು.

"ನಮ್ಮ ಕರುಣೆಯೂ ಆ ಆರೋಪಿ ಕಡೆಗೇ ಸಾಕ್ಷಿ ಹೇಳಿಬಿಡ್ತು ನೋಡಿ. ಆವತ್ತಿಂದ ಮಗು ಸಾಕ್ಷಿ ಹೇಳಿ ಮುಗಿಸೋವರೆಗೂ ಕೊಡೋದು ಬರೀ ನೀರು. ಕೇಸಿನ ಬಗ್ಗೆ ಒಂದಕ್ಷರ ಕೇಳಲ್ಲ. ಮಗುವನ್ನ ಕೇಳದೆ ತಲೆ ಮೇಲೆ ಕೈಯೂ ಇಡಲ್ಲ" ಎನ್ನುತ್ತಾರೆ ದೊಡ್ಡಮ್ಮ. "ಮನೇಲಿ ಒಂದು ನಿಮಿಷ ಬಾಯಿ ಮುಚ್ಚಲ್ಲ, ಅಲ್ಲಿ ಮಾತ್ರ ಬಾಯಿಗೆ ಬೀಗ" ಎಂದು ಮಗಳು ಛೇಡಿಸುತ್ತಾಳಂತೆ.

ಇಂದು ಬಂದಿರುವವಳಿಗೆ ಹನ್ನೆರಡು ವರ್ಷ. ಆರೋಪಿ ಅವಳ ಸ್ವಂತ ಸೋದರಮಾವ. ಹೋದ ಸಲ ತುಟಿ ಬಿಚ್ಚದೆ ವಾಪಸಾಗಿದ್ದಳು. ಇವತ್ತೂ ಮಾತು ಹೊರಡದಿದ್ದರೆ ಅವನು ಕೈಬೀಸಿಕೊಂಡು ಮನೆಗೆ ಹೋಗುತ್ತಾನೆ.

"ಹೆದರ್ಕೋಬೇಡ ಪುಟ್ಟಾ, ಮೊದಲು ಹೀಗೆ ಹೇಳು..." ಎಂದು ತಾಯಿ ಶುರು ಮಾಡುತ್ತಾರೆ.

"ಬೇಡ ತಾಯಿ, ಏನೂ ಹೇಳ್ಕೊಡಬೇಡಿ. ಮಾತು ಅವಳದ್ದು, ಅವಳೇ ಆಡ್ಲಿ" ಎಂದು ತಡೆಯುತ್ತಾರೆ ದೊಡ್ಡಮ್ಮ. ಆಮೇಲೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು ಪರದೆಯ ಹರಿದ ಅಂಚು ಹೊಲಿಯತೊಡಗುತ್ತಾರೆ. ಹುಡುಗಿ ಸ್ವಲ್ಪ ಹೊತ್ತು ನೋಡಿ, "ಹೊಲಿಗೆ ಸೊಟ್ಟ ಹೋಗ್ತಿದೆ" ಎನ್ನುತ್ತಾಳೆ.

"ಹೋಗ್ಲಿ ಬಿಡು, ಪರದೆ ಏನು ಪರೀಕ್ಷೆ ಬರೀಬೇಕಾ?"

ಹುಡುಗಿ ಕಿಸಕ್ಕೆಂದು ನಗುತ್ತಾಳೆ. ಅಷ್ಟರಲ್ಲಿ ಕೋರ್ಟಿನೊಳಗಿಂದ ಕರೆ ಬರುತ್ತದೆ.

ಮುಚ್ಚಿದ ಬಾಗಿಲಾಚೆ ದೊಡ್ಡಮ್ಮನಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಬಹಳ ಹೊತ್ತಿನ ಮೇಲೆ ಹುಡುಗಿ ಹೊರಬರುತ್ತಾಳೆ. ಮುಖ ಬೆವತಿದೆ. "ಎಲ್ಲಾ ಹೇಳ್ಬಿಟ್ಟೆ" ಎಂದವಳೇ ತಾನಾಗಿ ದೊಡ್ಡಮ್ಮನ ಕೈ ಹಿಡಿಯುತ್ತಾಳೆ. ತಾಯಿ ಬಿಕ್ಕಿ ಬಿಕ್ಕಿ ಅಳುತ್ತಾರೆ.

ತೀರ್ಪು ಬರುವುದು ಇನ್ನೂ ದೂರವಿದೆ. ದೊಡ್ಡಮ್ಮ ಎಂದಿನಂತೆ ಹಿಂಬಾಗಿಲಿನತ್ತ ಹೊರಟರೆ ಹುಡುಗಿ ಕದಲುವುದಿಲ್ಲ.

"ನಾನು ಮುಂದಿನ ಬಾಗಿಲಿಂದಲೇ ಹೋಗ್ತೀನಿ ದೊಡ್ಡಮ್ಮ. ತಪ್ಪು ಮಾಡಿದ್ದು ನಾನಲ್ವಲ್ಲ?"

ಸೋದರಮಾವನನ್ನು ಕೂರಿಸಿಕೊಂಡ ಪೊಲೀಸ್ ವ್ಯಾನ್ ಗೇಟು ದಾಟಿದ್ದನ್ನು ಕಿಟಕಿಯಿಂದ ನೋಡಿದ ಮೇಲೇ ದೊಡ್ಡಮ್ಮ ಹೂಂಗುಟ್ಟುತ್ತಾರೆ. ತಾಯಿ ಮಗಳು ಜನ ತುಂಬಿದ ಮೊಗಸಾಲೆಯ ನಡುವೆ ಹಾದು ಮೆಟ್ಟಿಲಿಳಿಯುತ್ತಾರೆ. ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ.

"ಇಷ್ಟು ವರ್ಷದಲ್ಲಿ ಮುಂದಿನ ಬಾಗಿಲು ಕೇಳಿದೋಳು ಇವಳೇ ಮೊದಲು" ಎನ್ನುತ್ತಾರೆ ಅವರು. "ಹೇಗೆ ತಲೆಯೆತ್ತಿ ಹೋದ್ಲು, ನೋಡಿದ್ರಾ?"