ಅಂಟಣ್ಣನ ಮಾರ್ದನಿ ಡಬ್ಬ

ನಮ್ಮಣ್ಣ ನೀರಿನ ಪಂಪು ರಿಪೇರಿ ಮಾಡುತ್ತಾನೆ. ಮೂವತ್ತು ವರ್ಷದಿಂದ ಅದೇ ಕೆಲಸ. ಅಪ್ಪ ಇಟ್ಟ ಹೆಸರು ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಉಳಿದಿದೆ. ಬೀದಿಯವರೆಲ್ಲ ಅಂಟಣ್ಣ ಅನ್ನುತ್ತಾರೆ. ಅವನು ರಿಪೇರಿ ಮಾಡಿದ ಯಾವ ಸ್ವಿಚ್ ಪೆಟ್ಟಿಗೆಯನ್ನೂ ಸುಮ್ಮನೆ ಮುಚ್ಚುವವನಲ್ಲ. ಎರಡು ಬಾಟಲಿಯ ಅಂಟನ್ನು ಕಲಸಿ, ಒಳಗಿನ ತಂತಿ, ಬೆಸುಗೆ ಎಲ್ಲ ಮುಳುಗುವಷ್ಟು ಸುರಿದುಬಿಡುತ್ತಾನೆ. ಬೆಳಗಾಗುವಷ್ಟರಲ್ಲಿ ಅದು ಕಲ್ಲು. ಆಮೇಲೆ ಆ ಪೆಟ್ಟಿಗೆಯೊಳಗೆ ನೀರು ಹೋಗುವುದಿಲ್ಲ, ಗೆದ್ದಲು ಹೋಗುವುದಿಲ್ಲ, ಇನ್ನೊಬ್ಬ ಮೆಕ್ಯಾನಿಕ್ಕೂ ಹೋಗುವುದಿಲ್ಲ.

ಇದು ಪಂಪಿಗೆ ಒಳ್ಳೆಯದು. ಮನೆಗೆ ಅಷ್ಟು ಒಳ್ಳೆಯದಲ್ಲ. ಒಮ್ಮೆ ಟೀವಿ ರಿಮೋಟಿಗೂ ಹಾಗೇ ಮಾಡಿದ. ಒಂದೂವರೆ ವರ್ಷ ಅದು ನೆಲಕ್ಕೆ ಬಿದ್ದರೂ ಸಾರಿನಲ್ಲಿ ಬಿದ್ದರೂ ಜಗ್ಗಲಿಲ್ಲ. ಆಮೇಲೆ ಬ್ಯಾಟರಿ ಮುಗಿಯಿತು. ಅತ್ತಿಗೆ ಅದನ್ನು ಈಗ ಅಡುಗೆಮನೆ ಬಾಗಿಲು ಗಾಳಿಗೆ ಹೊಡೆದುಕೊಳ್ಳದ ಹಾಗೆ ಒತ್ತಾಗಿ ಇಟ್ಟುಕೊಂಡಿದ್ದಾಳೆ. "ನಿಮ್ಮಣ್ಣ ಒಂದಿನ ಆ ಅಂಟನ್ನ ತಮ್ಮ ಬಾಯಿಗೂ ಸುರ್ಕೊಂಡಿದಾರೆ ಕಣೇ, ಅದಕ್ಕೇ ಮಾತೇ ಬರಲ್ಲ" ಅನ್ನುತ್ತಾಳೆ. ಅಣ್ಣ ಅದಕ್ಕೂ ಮಾತಾಡುವುದಿಲ್ಲ.

ಇನ್ನು ನನ್ನ ಕೈಯ ವಿಷಯ. ಎಂಟು ತಿಂಗಳ ಹಿಂದೆ ಅಣ್ಣ ತನ್ನ ವ್ಯಾನಿನ ಬಾಗಿಲನ್ನು ನನ್ನ ಎಡಗೈ ಮೇಲೆ ಹಾಕಿದ. ಗಿಟಾರನ್ನು ವ್ಯಾನಿನಲ್ಲಿಟ್ಟು ಹತ್ತಿ ಕೂತಿದ್ದೆ, ಜಾರುವ ಬಾಗಿಲು, ಅವನು ಎಳೆದ, ಅಷ್ಟೆ. ಉಂಗುರದ ಬೆರಳು ಮತ್ತು ಕಿರುಬೆರಳು ಉಳಿದವು, ಆದರೆ ಮಡಚುವ ಕೆಲಸಕ್ಕೆ ರಾಜೀನಾಮೆ ಕೊಟ್ಟವು. ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯ ಕೌಂಟರಿನಲ್ಲಿ. ಕನ್ನಡಕ ಮಾರಲು ಮೂರು ಬೆರಳು ಧಾರಾಳ. ಗಿಟಾರಿಗೆ ಸಾಲದು.

ಅವತ್ತಿನಿಂದ ಅಣ್ಣನಿಗೊಂದು ಅಭ್ಯಾಸ ಅಂಟಿಕೊಂಡಿದೆ. ವ್ಯಾನಿನ ಬಾಗಿಲು ಹಾಕುವ ಮೊದಲು "ಕೈ?" ಅನ್ನುತ್ತಾನೆ. ಒಳಗೆ ಕೂತವರು ಎರಡೂ ಕೈ ಎತ್ತಿ ತೋರಿಸಬೇಕು. ನಾನು, ಅತ್ತಿಗೆ, ಪಂಪು ತೋರಿಸಲು ವ್ಯಾನ್ ಹತ್ತುವ ಗಿರಾಕಿಗಳು, ಎಲ್ಲರೂ. ಹೊರಗಿನಿಂದ ನೋಡಿದವರಿಗೆ ಅವನು ದಿನಾ ಯಾರನ್ನೋ ದರೋಡೆ ಮಾಡುತ್ತಿರುವಂತೆ ಕಾಣುತ್ತದೆ. ಒಮ್ಮೆ ಬರೀ ಪಂಪು ಇಟ್ಟುಕೊಂಡು ಹೊರಟಾಗಲೂ ಕೇಳಿದನಂತೆ. "ತಪ್ಪಾಯ್ತು" ಎಂದು ಮಾತ್ರ ಒಂದು ದಿನವೂ ಹೇಳಿಲ್ಲ.

ಒಂದು ಮಾತನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಅವತ್ತು ಅಣ್ಣ "ಹಾಕ್ಲಾ?" ಎಂದು ಕೇಳಿದ್ದ. ನಾನು "ಹಾಕು" ಎಂದಿದ್ದೆ. ಆಮೇಲೆ ಗಿಟಾರಿನ ಚೀಲದ ಪಟ್ಟಿ ಹೊರಗೆ ನೇತಾಡುತ್ತಿದೆಯಲ್ಲ ಎಂದು ಕೈ ಚಾಚಿದ್ದು ನಾನೇ. ಆ ಗಾಬರಿಯಲ್ಲಿ ತಾನು ಕೇಳಿದ್ದೇ ಅವನಿಗೆ ಮರೆತುಹೋಗಿದೆ. ನಾನು ನೆನಪಿಸಲಿಲ್ಲ. ಮೊದಲ ವಾರ ನೋವಿನಲ್ಲಿ ಆಗಲಿಲ್ಲ, ಎರಡನೇ ವಾರ ಸಿಟ್ಟಿನಲ್ಲಿ ಆಗಲಿಲ್ಲ, ಆಮೇಲೆ ಅವನು ದಿನಾ ಕರೆದ ತಕ್ಷಣ ವ್ಯಾನ್ ತರುತ್ತಿದ್ದುದರಿಂದ ಹೇಳಬೇಕು ಅನಿಸಲಿಲ್ಲ.

ನಾನು ಹನ್ನೊಂದು ವರ್ಷದಿಂದ ಒಂದು ವಾದ್ಯಗುಂಪಿನಲ್ಲಿದ್ದೇನೆ. ಶನಿವಾರ ಸಂಜೆ ಒಂದು ಹೋಟೆಲಿನ ಮಹಡಿಯಲ್ಲಿ ಬಾರಿಸುತ್ತೇವೆ. ಜನ ಊಟ ಮಾಡುತ್ತಾರೆ, ನಡುವೆ ಚಮಚ ಕೆಳಗಿಟ್ಟರೆ ಅದೇ ಚಪ್ಪಾಳೆ. ಕೀಬೋರ್ಡಿಗೆ ಹಲ್ಲಿನ ಡಾಕ್ಟರು, ಗುಂಪಿನ ಯಜಮಾನರೂ ಅವರೇ. ಡ್ರಮ್ಮಿಗೆ ಸ್ಕೂಲ್ ಬಸ್ಸಿನ ಡ್ರೈವರು. ಬಸ್ಸನ್ನು ಗಂಟೆಗೆ ನಲವತ್ತರ ಮೇಲೆ ಓಡಿಸುವಂತಿಲ್ಲವಾದ್ದರಿಂದ ವಾರವಿಡೀ ತಡೆದಿಟ್ಟ ವೇಗವನ್ನೆಲ್ಲ ಡ್ರಮ್ಮಿನ ಮೇಲೆ ತೀರಿಸಿಕೊಳ್ಳುತ್ತಾರೆ. ಹಾಡಲು ಒಬ್ಬ ಟೀಚರಮ್ಮ. ಶನಿವಾರ ಸಂಜೆಯ ಆ ಮೂರು ಗಂಟೆಗಳ ಕಾಲ ನಾನು ಯಾರ ತಂಗಿಯೂ ಅಲ್ಲ, ಕನ್ನಡಕದವಳೂ ಅಲ್ಲ. ಅದು ಹೋದರೆ ನನಗೆ ಉಳಿಯುವುದು ಭಾನುವಾರ ಮಾತ್ರ.

ಕೈ ಕಟ್ಟು ಬಿಚ್ಚಿದ ಮೇಲೂ ಗುಂಪಿನವರು ಆರು ತಿಂಗಳು ಕಾದರು. ನಾಲ್ಕು ಬೆರಳಿನಲ್ಲಿ ಬಾರಿಸುವುದನ್ನು ಎರಡರಲ್ಲಿ ಬಾರಿಸಿದರೆ ಅರ್ಧ ಸ್ವರ ಖೋತಾ. ಡಾಕ್ಟರು ಹಲ್ಲು ಕೀಳುವಾಗ ಮಾತಾಡುವ ಮೆತ್ತನೆ ದನಿಯಲ್ಲೇ ಹೇಳಿದರು: "ನೋಡಿ, ಇನ್ನೊಬ್ಬರು ಬರ್ತೀನಿ ಅಂತಿದಾರೆ. ತಿಂಗಳ ಕೊನೇ ಭಾನುವಾರ ನೀವೊಂದ್ಸಲ ನಮ್ಮ ಪಟ್ಟಿಯಿಂದ ಐದು ಹಾಡು ಬಾರಿಸಿ ತೋರಿಸಿ. ಆಗುತ್ತೆ ಅಂದ್ರೆ ನೀವೇ. ಇಲ್ಲಾಂದ್ರೆ..." ಇಲ್ಲಾಂದ್ರೆ ಏನು ಎಂದು ಅವರು ಹೇಳಲಿಲ್ಲ. ಅರಿವಳಿಕೆ ಕೊಡದೆ ಅವರು ಯಾವುದನ್ನೂ ಕೀಳುವುದಿಲ್ಲ.

ಮನೆಗೆ ಬಂದು ಅತ್ತಿಗೆಯ ಮುಂದೆ ಅತ್ತುಬಿಟ್ಟೆ. ಅಣ್ಣ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದ. ಇನ್ನೊಂದು ಸಲ ಅನ್ನ ಹಾಕಿಸಿಕೊಂಡ.

ಮೂರು ದಿನದ ಮೇಲೆ ನನ್ನ ಅಂಗಡಿಗೆ ಬಂದ, ಮೈಯೆಲ್ಲ ಪಾಚಿ. ಗಿರಾಕಿಗಳು ಸರಿದು ದಾರಿ ಬಿಟ್ಟರು.

"ಖಾಲಿ ಟ್ಯಾಂಕಲ್ಲಿ ಇಳಿದಿದ್ದೆ" ಎಂದ. "ಸ್ಪ್ಯಾನರಲ್ಲಿ ಒಂದು ಏಟು ಹೊಡೆದ್ರೆ ಎರಡು ಕೇಳ್ಸುತ್ತೆ."

"ಅದಕ್ಕೆ?"

"ನೀನು ಅರ್ಧ ಬಾರಿಸು. ಇನ್ನರ್ಧ ಟ್ಯಾಂಕ್ ಬಾರಿಸ್ಲಿ."

ಇಂಥದ್ದು ಅಂಗಡಿಯಲ್ಲಿ ರೆಡಿ ಸಿಗುತ್ತದೆ, ಡಿಲೇ ಪೆಡಲ್ ಅಂತಾರೆ, ಗಿಟಾರಿನ ದನಿಯನ್ನು ಹಿಡಿದಿಟ್ಟುಕೊಂಡು ಚೂರು ತಡೆದು ಮತ್ತೆ ಕೇಳಿಸುತ್ತದೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಅವನು ಚಿತ್ರವನ್ನು ದೊಡ್ಡದು ಮಾಡಿ ನೋಡಿ, "ನಾಲ್ಕು ಸ್ಕ್ರೂ. ಯಾರು ಬೇಕಾದ್ರೂ ಬಿಚ್ಚಬಹುದು. ನಾನೇ ಮಾಡ್ತೀನಿ" ಎಂದು ಹೊರಟುಹೋದ. ನೆಲ ಒರೆಸಿದ್ದು ನಾನು.

ಎರಡು ವಾರ ಅವನ ಕೆಲಸದ ಕೋಣೆಯಲ್ಲಿ ಪಂಪುಗಳು ಮೂಲೆ ಸೇರಿದವು. ದನಿಯನ್ನು ಹಿಡಿದಿಟ್ಟುಕೊಳ್ಳುವ ಚಿಪ್ಪೊಂದನ್ನು, ಹದಿನಾರು ಕಾಲಿನದು, ತರಿಸಿದ. ಉಗುರಿಗಿಂತ ಸ್ವಲ್ಪ ದೊಡ್ಡದು. ಮೊಣಕಾಲಿನಷ್ಟು ದಪ್ಪದ ಪೈಪು ಹಿಡಿದು ರೂಢಿಯಾದ ಕೈ, ಮೊದಲ ಎರಡು ಚಿಪ್ಪು ಬೆಸುಗೆಯಲ್ಲೇ ಸುಟ್ಟವು. ಮೂರನೆಯದಕ್ಕೆ ಅತ್ತಿಗೆಯ ಹುಬ್ಬು ಕೀಳುವ ಚಿಮಟ ಬಂತು, ನನ್ನ ಅಂಗಡಿಯಿಂದ ಭೂತಗನ್ನಡಿ ಬಂತು. ನಕ್ಷೆಯನ್ನು ಗೋಡೆಗೆ ಅಂಟಿಸಿದ್ದ. ಮುಗಿದ ಬೆಸುಗೆಗೆಲ್ಲ ಕೆಂಪು ಪೆನ್ಸಿಲಿನ ಗೀಟು.

ಪೆಟ್ಟಿಗೆಗೆ ಅವನು ಎಲ್ಲಿಗೂ ಹೋಗಲಿಲ್ಲ. ಒಂದು ಹಳೆಯ ಪಂಪಿನ ಸ್ಟಾರ್ಟರ್ ಡಬ್ಬವನ್ನು ಖಾಲಿ ಮಾಡಿ ಅದರೊಳಗೇ ಕೂರಿಸಿದ. ಕಾಲಲ್ಲಿ ಹಸಿರು ಗುಂಡಿ ಒತ್ತಿದರೆ ಮಾರ್ದನಿ ಶುರು, ಕೆಂಪು ಒತ್ತಿದರೆ ಬಂದ್. ಮೇಲೆ ತಿರುಗಿಸಲು ಮೂರು ಗುಂಡಿ, ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಅವನದೇ ಅಕ್ಷರ: ಎಷ್ಟು ತಡ, ಎಷ್ಟು ಸಲ, ಎಷ್ಟು ಜೋರು. "ನೀರಿಲ್ಲದೆ ಓಡಿಸಬೇಡಿ" ಎನ್ನುವ ಹಳೆಯ ಚೀಟಿ ಹಾಗೇ ಇತ್ತು. ರಿಮೋಟಿನ ಪಾಠ ಕಲಿತಿದ್ದ. ಬ್ಯಾಟರಿ ಬಿಟ್ಟು ಕರೆಂಟನ್ನು ಹೊರಗಿನಿಂದ ಕೊಟ್ಟ.

ಮೊದಲ ಪರೀಕ್ಷೆಯ ದಿನ 'ಎಷ್ಟು ಸಲ'ವನ್ನು ಪೂರ್ತಿ ತಿರುಗಿಸಿಟ್ಟಿದ್ದ. ನಾನು ಒಂದೇ ಒಂದು ತಂತಿ ಮೀಟಿದೆ. ಆ ದನಿ ಮುಗಿಯಲೇ ಇಲ್ಲ. ತನ್ನನ್ನೇ ತಾನು ಕೇಳಿಸಿಕೊಂಡು ಊದುತ್ತಾ ಹೋಗಿ ಕೊನೆಗೆ ಕಿರುಚತೊಡಗಿತು. ಅತ್ತಿಗೆ ಕುಕ್ಕರ್ ಆರಿಸಲು ಓಡಿದಳು. ಅಣ್ಣ ಕೆಂಪು ಗುಂಡಿ ಒತ್ತಿ, "ಕೆಲಸ ಮಾಡ್ತಿದೆ" ಎಂದ.

ಶುಕ್ರವಾರಕ್ಕೆ ಎಲ್ಲ ಪಳಗಿತು. ಪ್ರತಿ ಹಾಡಿಗೂ ಅದರ ವೇಗಕ್ಕೆ ತಕ್ಕಂತೆ 'ಎಷ್ಟು ತಡ' ತಿರುಗಿಸಿಕೊಂಡೆ. ನಾನು ಒಂದು ಸ್ವರ ಬಾರಿಸಿ ಬಿಟ್ಟ ಜಾಗದಲ್ಲಿ ಡಬ್ಬ ಒಂದು ಬಾರಿಸುತ್ತಿತ್ತು, ಎರಡು ಬೆರಳಿಗೆ ನಾಲ್ಕು ಬೆರಳಿನ ಹಾಡು. ಎಂಟು ತಿಂಗಳ ಮೇಲೆ ನನ್ನ ಗಿಟಾರನ್ನು ಪೂರ್ತಿಯಾಗಿ ಕೇಳಿ ನನಗೆ ಅಳು ಬಂತು. ಅಣ್ಣ ಸ್ಕ್ರೂಡ್ರೈವರ್ ಹುಡುಕಲು ಹೊರಗೆ ಹೋದ. ಅದು ಅವನ ಜೇಬಿನಲ್ಲೇ ಇತ್ತು.

ವಾಪಸ್ ಬಂದು, "ಮುಚ್ಚಿ ಕೊಡ್ತೀನಿ" ಎಂದ.

ಆಗಲೇ ನಾನು ಹೌಹಾರಬೇಕಿತ್ತು. ಖುಷಿಯಲ್ಲಿದ್ದೆ, ತಲೆಗೆ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಡಬ್ಬವನ್ನು ಟವೆಲಿನಲ್ಲಿ ಸುತ್ತಿ ತಂದ. "ಕೈ?" ಎಂದ, ಎತ್ತಿದೆ, ಬಾಗಿಲು ಹಾಕಿದ. ಡಾಕ್ಟರ ಕ್ಲಿನಿಕ್ಕಿನ ಮುಂದೆ ವ್ಯಾನ್ ನಿಲ್ಲಿಸಿ, ಸ್ಟೇರಿಂಗ್ ನೋಡುತ್ತಾ ಹೇಳಿದ: "'ಎಷ್ಟು ತಡ' ತಿರುಗಲ್ಲ."

"ಏನು?"

"ಅಂಟು ಆ ಮೂಲೆಗೆ ಹರಿದುಬಿಟ್ಟಿದೆ. ಗುಂಡಿ ಹಿಡ್ಕೊಂಡಿದೆ."

"ಯಾಕೆ ಹರಿತು?"

"ಟೇಬಲಿನ ಒಂದು ಕಾಲು ಗಿಡ್ಡ."

"ಗಿಟಾರಿನ ಡಬ್ಬಕ್ಕೆ ಅಂಟು ಯಾಕೋ? ಅದಕ್ಕೆಲ್ಲಿಂದ ನೀರು ಬರುತ್ತೆ?"

"ಎಲ್ಲಿಂದ ಬರುತ್ತೆ ಅಂತ ಗೊತ್ತಾಗಲ್ಲ. ಅದಕ್ಕೇ." ಆಮೇಲೆ ಸೇರಿಸಿದ: "ಇನ್ನೊಂದ್ಸಲ ನಿನಗೆ ಕೈ ಕೊಡಬಾರದು ಅಂತ."

ತವಾದ ಮೇಲೆ ನೀರು ಬಿದ್ದ ಹಾಗೆ ಚುರ್ ಎಂದೆ. "ಕೈ ಮೇಲೆ ಬಾಗಿಲು ಹಾಕಿದ್ದು ಸಾಲ್ದು ಅಂತ ಈಗ ಡಬ್ಬದ ಮೇಲೂ ಹಾಕಿದ್ಯಾ?"

ಅವನು ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದು, ಡಬ್ಬವನ್ನು ಮಗುವಿನಂತೆ ಎತ್ತಿಕೊಂಡು ಒಳಗಿಟ್ಟು ಬಂದ. ನಾಲ್ಕು ಕಿಲೋ ತೂಕವಿತ್ತು. ನಾನು ಅಂದ ಮಾತು ಅದಕ್ಕಿಂತ ಭಾರವಾಗಿತ್ತು ಎಂದು ಗೊತ್ತಿದ್ದೂ ನಾನು ಒಳಗೆ ಹೋದೆ.

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲೇ ನಮ್ಮ ಅಭ್ಯಾಸ. ಗೋಡೆಯ ಮೇಲೆ ಹುಳುಕು ಹಲ್ಲಿನ ದೊಡ್ಡ ಚಿತ್ರ. ಡ್ರಮ್ಮಿನ ಡ್ರೈವರು ಡಬ್ಬ ನೋಡಿ, "ಬಾವಿ ಎಲ್ಲಿದೆ ಅಮ್ಮಾ?" ಎಂದರು. ಡಾಕ್ಟರು ನಗಲಿಲ್ಲ, ಹಾಡುಗಳ ಪಟ್ಟಿ ತೆಗೆದರು.

ಹಸಿರು ಗುಂಡಿ ಒತ್ತಿದೆ. 'ಎಷ್ಟು ತಡ' ಯಾವ ಜಾಗದಲ್ಲಿ ಕಲ್ಲಾಗಿತ್ತು ಎಂದು ಆಗ ಗೊತ್ತಾಯಿತು. ಅಂಟು ಸುರಿಯುವ ಮುಂಚೆ ಕೊನೆಯದಾಗಿ ಸ್ಪ್ಯಾನರ್ ತಟ್ಟಿ ನೋಡಿದ್ದಾನೆ, ಗುಂಡಿಯನ್ನು ತನಗೆ ಹಿತವಾದ ವೇಗಕ್ಕೆ ತಿರುಗಿಸಿಟ್ಟು. ಊಟ ಮಾಡುವಾಗ, ನಟ್ಟು ಬಿಗಿಯುವಾಗ, ಬೀದಿ ದಾಟುವಾಗ ನಮ್ಮಣ್ಣನದು ಯಾವ ವೇಗವೋ ಅದೇ ಡಬ್ಬದ ವೇಗ.

ಮೊದಲ ಹಾಡು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗಾಯಿತು. ಡ್ರಮ್ಮು ಮುಂದಕ್ಕೆ, ಡಬ್ಬ ಹಿಂದಕ್ಕೆ, ನಡುವೆ ಟೀಚರಮ್ಮನ ಉಸಿರು. ನಾಲ್ಕನೇ ಸಾಲಿಗೆ ಎಲ್ಲರೂ ನಿಂತರು. ಡಬ್ಬ ಮಾತ್ರ ಇನ್ನೆರಡು ಸಲ ಬಾರಿಸಿ ನಿಂತಿತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅನ್ಕೋಬೇಡಿ" ಎಂದೆ. "ನೆಲ ನಿಜವಾಗ್ಲೂ ಡೊಂಕು. ಟೇಬಲಿನ ಕಾಲು ಗಿಡ್ಡ."

"ಸ್ವಲ್ಪ ಜೋರಾಗಿ ಹೋಗೋಕೆ ಹೇಳಮ್ಮಾ ಅದಕ್ಕೆ" ಎಂದರು ಡ್ರೈವರು.

"ಹೇಳಿದ್ರೆ ಕೇಳಲ್ಲ. ನಮ್ಮಣ್ಣ ಮಾಡಿದ್ದು."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮುಗಿಯಿತು, ಈಗ ಅರಿವಳಿಕೆಯ ದನಿ ಬರುತ್ತದೆ ಎಂದುಕೊಂಡೆ. ಅವರು ಡ್ರೈವರ ಕಡೆ ತಿರುಗಿದರು. "ಅದು ಕೇಳಲ್ಲ ಅಂದ್ರೆ ನಾವೇ ಕೇಳೋಣ. ಸ್ಕೂಲ್ ಮಕ್ಕಳು ಕೂತಿದಾರೆ ಅನ್ಕೊಂಡು ಬಾರಿಸಿ."

ಡ್ರೈವರಿಗೆ ಆ ಮಾತು ನಾಟಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ನಲವತ್ತರೊಳಗೆ ಬಾರಿಸಿದರು, ಮೊದಲ ಹಾಡು ದಡ ಸೇರಿತು. ಎರಡನೇ ಹಾಡಿಗೆ ಟೀಚರಮ್ಮನಿಗೆ ಉಸಿರು ತೆಗೆದುಕೊಳ್ಳಲು ಜಾಗ ಸಿಕ್ಕಿತು. ಇಷ್ಟು ವರ್ಷ ನುಂಗುತ್ತಿದ್ದ ಪದಗಳೆಲ್ಲ ಹೊರಗೆ ಬಂದವು. ಹಾಡಿನ ಅರ್ಥ ನಮಗೇ ಆವತ್ತು ತಿಳಿಯಿತು. ಮೂರು, ನಾಲ್ಕು ದಾಟಿದವು. ಐದನೆಯದು ಮಾತ್ರ ಎಷ್ಟು ಎಳೆದರೂ ಡಬ್ಬಕ್ಕೆ ಹೊಂದಲಿಲ್ಲ. ಡಾಕ್ಟರು ಅದನ್ನು ಪಟ್ಟಿಯಿಂದ ಹೊಡೆದುಹಾಕಿದರು. ಆ ಹಾಡು ಯಾರಿಗೂ ಇಷ್ಟವಿರಲಿಲ್ಲವಂತೆ, ಎಲ್ಲರೂ ಇನ್ನೊಬ್ಬರಿಗೆ ಇಷ್ಟವೆಂದು ಬಾರಿಸುತ್ತಿದ್ದರಂತೆ.

"ಆ ಇನ್ನೊಬ್ಬರಿಗೆ ಫೋನ್ ಮಾಡಿ ಬರೋದು ಬೇಡ ಅಂತೀನಿ" ಎಂದರು ಡಾಕ್ಟರು. "ಆದ್ರೆ ಶನಿವಾರ ಈ ಡಬ್ಬ ಕೆಟ್ಟರೆ ಏನ್ಮಾಡೋದು?"

"ಕೆಡೋದಕ್ಕೆ ಒಳಗೆ ಜಾಗವೇ ಇಲ್ಲ ಡಾಕ್ಟ್ರೇ."

ಹೊರಗೆ ಅಣ್ಣ ವ್ಯಾನಿಗೆ ಒರಗಿ ನಿಂತಿದ್ದ. ನಾನು ಹೋದಾಗ ಎಲ್ಲಿ ನಿಂತಿದ್ದನೋ ಅಲ್ಲೇ. ಏನಾಯಿತು ಎಂದು ಕೇಳಲಿಲ್ಲ. ನಾನು ಗಿಟಾರು ಒಳಗಿಟ್ಟು, ಹತ್ತಿ ಕೂತು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೆ.

"ಇಟ್ಕೊಂಡ್ರು" ಎಂದೆ.

ತಲೆಯಾಡಿಸಿದ. ಬಾಗಿಲಿನ ಹಿಡಿಗೆ ಕೈ ಹಾಕಿ ಎಂದಿನ ಹಾಗೆ ಕೇಳಿದ: "ಕೈ?"

ನಾನು ಎತ್ತಲಿಲ್ಲ. "ಅಣ್ಣಾ, ಅವತ್ತೂ ನೀನು ಕೇಳಿದ್ದೆ. ಹಾಕ್ಲಾ ಅಂದೆ. ನಾನೇ ಹಾಕು ಅಂದೆ. ಆಮೇಲೆ ಚೀಲದ ಪಟ್ಟಿಗೆ ಕೈ ಚಾಚಿದ್ದು ನಾನು. ನಿನಗೆ ಮರೆತುಹೋಗಿದೆ. ನನಗೆ ನೆನಪಿತ್ತು, ಹೇಳ್ಲಿಲ್ಲ. ಬೆಳಿಗ್ಗೆ ಅಂದಿದ್ದೂ ತಪ್ಪು. ಎಲ್ಲಾ ನನ್ನದೇ ತಪ್ಪು."

ಅವನು ಬಾಗಿಲು ಹಿಡಿದುಕೊಂಡು ಹಾಗೇ ನಿಂತ. ಕಣ್ಣು ಒರೆಸಿಕೊಳ್ಳಲು ಹೋಗಿ ಕೈಯ ಗ್ರೀಸನ್ನು ಮುಖಕ್ಕೆಲ್ಲ ಬಳಿದುಕೊಂಡ. ಎಂಟು ತಿಂಗಳು ಅವನು ಆ ತಪ್ಪನ್ನು ಹೇಗೆ ಹೊತ್ತುಕೊಂಡಿದ್ದ ಎಂದು ಆಗ ಕಂಡಿತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಆಮೇಲೆ ಕೈ ಮುಂದೆ ಚಾಚಿದ.

"ಹಾಗಾದ್ರೆ ಡಬ್ಬ ವಾಪಸ್ ಕೊಡು."

ನಾನು ಕೊಡಲಿಲ್ಲ, ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡೆ. ಅವನು ಬಗ್ಗಿ ಎಡಗೈ, ಬಲಗೈ ಎರಡೂ ಡಬ್ಬದ ಮೇಲಿವೆ ಎಂದು ನೋಡಿಕೊಂಡು ಬಾಗಿಲು ಹಾಕಿದ.