ಹೈಬ್ರಿಡ್ ಕಾರಿಗೂ ಗಾಳಿಯಕ್ಕನ ಅಂಗೈಯೇ ಬೇಕು

ಕೋಳಿಗಳು ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ಊರಾಚೆಯ ರೇಸ್ ಟ್ರ್ಯಾಕ್‌ನ ಏಳನೇ ಶೆಡ್ಡಿನ ಮುಂದೆ ಐವತ್ತನಾಲ್ಕರ ಹೆಂಗಸೊಬ್ಬರು ಮೊಣಕಾಲೂರಿ ಕೂತು, ಬೂದು ಬಣ್ಣದ ಸ್ಪೋರ್ಟ್ಸ್ ಕಾರೊಂದರ ಟೈರಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಾರೆ. ಆ ಕಾರು ಅದೆಷ್ಟು ನುಣುಪೆಂದರೆ, ಮೇಲೆ ಕೂರಲು ಬಂದ ಸೊಳ್ಳೆಯೊಂದು ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆ ಹೆಂಗಸಿಗೆ ಮಾತ್ರ ಆ ನುಣುಪಿನ ಗೊಡವೆಯೇ ಇಲ್ಲ. ಅವರ ಕಣ್ಣೆಲ್ಲ ನೆಲಕ್ಕೆ ತಾಗುವ ನಾಲ್ಕು ಕಡೆಗಳ ಮೇಲೆ.

"ಕಾರು ಅಂದ್ರೆ ಎಲ್ಲ ಮೇಲಿಂದ ನೋಡ್ತಾರೆ. ನಾನು ಕೆಳಗಿಂದ ನೋಡ್ತೀನಿ. ಕೆಳಗಿಂದ ನೋಡಿದ್ರೆ ಎಲ್ಲ ಒಂದೇ, ನಾಲ್ಕು ಅಂಗೈಯಗಲ ರಬ್ಬರ್ರು" ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ಗಾಳಿಯಕ್ಕ. ಇಪ್ಪತ್ತಾರು ವರ್ಷದಿಂದ ಪ್ರತಿ ಭಾನುವಾರ ಇಲ್ಲಿಗೆ ಬರುವ ಸ್ಪೋರ್ಟ್ಸ್ ಕಾರುಗಳ ಟೈರು ನೋಡಿಕೊಳ್ಳುವುದು ಅವರ ಕೆಲಸ. ಆದರೆ ಈ ಭಾನುವಾರ ಮಾಮೂಲಿಯದಲ್ಲ. ಮೂರು ವಾರದ ಹಿಂದೆ ಅವರ ಮಾತು ನಂಬಿ ಹೊರಟ ಕಾರೊಂದು ತಿರುವಿನಲ್ಲಿ ತಿರುಗದೆ ಮರಳಿಗೆ ನುಗ್ಗಿತು. ಕಳೆದ ಭಾನುವಾರದಿಂದ ಅವರ ಶೆಡ್ಡಿನ ಮುಂದೆ ಸಾಲು ಇಲ್ಲ. ಇವತ್ತು ಅದೇ ಕಾರು, ಅದೇ ಒಡತಿ, ಅದೇ ತಿರುವು. ಈ ಸಲವೂ ಎಡವಿದರೆ ಗಾಳಿಯಕ್ಕನ ಮಾತಿಗೆ ಇಲ್ಲಿ ಕವಡೆ ಕಿಮ್ಮತ್ತೂ ಉಳಿಯುವುದಿಲ್ಲ. ಅದು ಅವರಿಗೂ ಗೊತ್ತು. ಸೀಮೆಸುಣ್ಣ ಹಿಡಿದು ಮುಂದಿನ ಟೈರಿಗೆ ಸರಿಯುತ್ತಾರೆ.

ತಂದೆಯ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಾ ಬೆಳೆದವರು ಇವರು. ಇವರ ಅಂಗೈ ಎಷ್ಟು ಒರಟೆಂದರೆ ಅದರ ಮೇಲೆ ಬೆಂಕಿಕಡ್ಡಿ ಗೀರಿ ಒಲೆ ಹಚ್ಚಬಹುದು. ಒಂದು ಭಾನುವಾರಕ್ಕೆ ಅರವತ್ತರಿಂದ ಎಪ್ಪತ್ತು ಚಕ್ರ, ಒಂದೊಂದೂ ಇಪ್ಪತ್ತು ಕಿಲೋ ಮೇಲೆ. ಇಪ್ಪತ್ತಾರು ವರ್ಷ ಎತ್ತಿದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಏಣಿಯಾಗುತ್ತದೆ. ಲೆಕ್ಕ ನನ್ನದು, ಬೇಕಾದವರು ಪೇರಿಸಿ ನೋಡಬಹುದು. ಸೊಂಟದ ನೋವು ಮಾತ್ರ ಅವರದೇ. ರಾತ್ರಿ ಮಗ್ಗುಲಾಗಬೇಕಾದರೆ ಮಂಚದ ಸರಳು ಹಿಡಿದೇ ಹೊರಳಬೇಕು.

ಅವರ ಪದ್ಧತಿ ಸರಳ. ಟೈರಿನ ಅಂಚಿನಿಂದ ಪಕ್ಕಕ್ಕೆ ಇಳಿಯುವಂತೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಕಾರು ಮೂರು ಸುತ್ತು ಓಡಿ ಬರುತ್ತದೆ. ಗೆರೆ ಪೂರಾ ಅಳಿಸಿದ್ದರೆ ಗಾಳಿ ಕಡಿಮೆ, ಟೈರು ಮಲಗಿಕೊಂಡು ಓಡಿದೆ. ಗೆರೆ ಹಾಗೇ ಇದ್ದರೆ ಗಾಳಿ ಹೆಚ್ಚು. ಆಮೇಲೆ ಬಿಸಿ ಟೈರಿನ ಒಳಗೆ, ನಡುವೆ, ಹೊರಗೆ ಅಂಗೈ ಇಡುತ್ತಾರೆ. "ಮಗುಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಲ್ವಾ? ಅಷ್ಟೇ."

ಈ ಬೂದು ಬಣ್ಣದ ಹೊಸ ಹೈಬ್ರಿಡ್ ಕಾರು ಮೂರು ವಾರದ ಹಿಂದೆ ಮೊದಲು ಬಂದ ದಿನ ಇಲ್ಲಿ ಮಹಾಯುದ್ಧವೇ ಆಯಿತು. ತಂದವರು ಕನ್ನಡಕದ ಮೇಡಂ. ಎರಡು ಕನ್ನಡಕದಂಗಡಿಗಳ ಒಡತಿ, ಗಾಳಿಯಕ್ಕನ ಮಾತು ಮೀರದವರು. ಹಿಂದೆ ಪೆಟ್ರೋಲ್ ಎಂಜಿನ್, ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟರ್, ನಡುವೆ ಬ್ಯಾಟರಿ. ಬ್ಯಾಟರಿಯಲ್ಲೇ ಓಡುತ್ತಾ ಗೇಟಿನೊಳಗೆ ಬಂದದ್ದು ಬೆಕ್ಕು ಅಡುಗೆಮನೆಗೆ ಬಂದಂತೆ, ಯಾರಿಗೂ ಕೇಳಿಸಲೇ ಇಲ್ಲ. ಇಲ್ಲಿ ಕಾರು ಓಡಿಸುವವರ ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರ ಹಳೆಯ ಪೆಟ್ರೋಲ್ ಕಾರು ಸ್ಟಾರ್ಟ್ ಆದರೆ ನಾಲ್ಕು ಮೈಲಿ ದೂರದಲ್ಲಿ ಪಾತ್ರೆಗಳು ಕಪಾಟಿನಿಂದ ಇಳಿದು ಬರುತ್ತವೆ.

"ಇದೂ ಒಂದು ಕಾರಾ? ಚಕ್ರ ಹಾಕಿರೋ ಮೊಬೈಲ್ ಫೋನು!" ಎಂದರು ಡಾಕ್ಟರು. "ಸದ್ದಿಲ್ಲದ ಸ್ಪೋರ್ಟ್ಸ್ ಕಾರು ಅಂದ್ರೆ ಗಂಟಲು ಕಟ್ಟಿರೋ ಗಾಯಕ. ಬ್ಯಾಟರಿ ಖಾಲಿಯಾದ್ರೆ ತಳ್ಳೋರು ಯಾರಮ್ಮ?"

"ಹೋದ ತಿಂಗಳು ನಿಮ್ಮ ಗಾಯಕರನ್ನ ತಳ್ಳಿದ್ದು ನಾವೇ ಅಲ್ವಾ ಡಾಕ್ಟ್ರೇ? ಪೆಟ್ರೋಲ್ ತುಂಬ ಇತ್ತು, ಆದ್ರೂ ಹಾಡ್ಲಿಲ್ಲ!" ಎಂದರು ಮೇಡಂ.

ಬ್ಯಾಂಕ್ ಮ್ಯಾನೇಜರೊಬ್ಬರು ಮೇಡಂ ಪಕ್ಕ ಕೂತು ಒಂದು ಸುತ್ತು ಹೋಗಿ ಬಂದರು. ಹೋಗುವಾಗ ಡಾಕ್ಟರ ಪಕ್ಷ. ಇಳಿದು ಐದು ನಿಮಿಷ ಕಂಬ ಹಿಡಿದು ನಿಂತಿದ್ದು, "ನನ್ನ ಹೊಟ್ಟೆ ಇನ್ನೂ ಆ ತಿರುವಲ್ಲೇ ಇದೆ ಕಣ್ರೀ, ಯಾರಾದ್ರೂ ತಗೊಂಡ್ ಬನ್ನಿ" ಎಂದರು. ಆ ಕ್ಷಣವೇ ಪಕ್ಷಾಂತರ. ಆದರೂ ಸುಮ್ಮನೆ ನಿಂತಿದ್ದ ನಾಲ್ಕೈದು ಮಂದಿಯ ಮುಖದಲ್ಲಿ ಬೇರೆಯೇ ಏನೋ ಇತ್ತು. ಎಂಜಿನ್ನಿನ ಸದ್ದಿನ ಜೊತೆಗೇ ವಯಸ್ಸಾದವರು ಅವರು. ಸದ್ದು ಹೋದರೆ ತಮ್ಮ ಯೌವನದ ಸಾಕ್ಷಿಯೇ ಹೋದಂತೆ. ಅದಕ್ಕೆ ಉತ್ತರ ಯಾವ ಮೋಟರಿನಲ್ಲೂ ಇಲ್ಲ.

ಗಾಳಿಯಕ್ಕ ಈ ಜಗಳಕ್ಕೆ ಕಿವಿಗೊಡದೆ ಕೆಲಸ ಮಾಡಿದರು. ತಪ್ಪಾಗಿದ್ದೇ ಅಲ್ಲಿ. ಎಂಜಿನ್ ಹಿಂದಿರುವ ಕಾರುಗಳಲ್ಲಿ ದುಡಿಯುವುದು ಹಿಂದಿನ ಚಕ್ರ, ಮುಂದಿನವು ಬರೀ ದಾರಿ ತೋರಿಸುತ್ತವೆ. ಹೀಗಾಗಿ ಅವರು ಹಿಂದಿನ ಎರಡಕ್ಕೆ ಗೆರೆ ಎಳೆದು, ಮುಂದಿನವಕ್ಕೆ ವಾಡಿಕೆಯಂತೆ ಮೂವತ್ತನಾಲ್ಕು ಪೌಂಡ್ ಗಾಳಿ ತುಂಬಿ ಒಮ್ಮೆ ತಟ್ಟಿದರು. ಮೂರು ಸುತ್ತಿನ ನಂತರ ಹಿಂದಿನವನ್ನಷ್ಟೇ ಮುಟ್ಟಿ ನೋಡಿ, "ಹೊರಡಿ ಮೇಡಂ" ಎಂದರು. ಮುಂದಿನ ಸುತ್ತಿನಲ್ಲಿ, ಮೊಣಕೈ ಎಂದು ಕರೆಯುವ ತಿರುವಿನಲ್ಲಿ, ಮೇಡಂ ಸ್ಟೀರಿಂಗ್ ತಿರುಗಿಸಿದರು, ಕಾರು ಮಾತ್ರ ನೇರ ಹೋಗಿ ಮರಳಿನಲ್ಲಿ ಹೂತಿತು. ಮೇಡಂಗೆ ಒಂದು ಗೀರೂ ಆಗಲಿಲ್ಲ.

ಕಾರನ್ನು ಎಳೆಯಲು ಹೋದಾಗ ಗಾಳಿಯಕ್ಕ ಮುಂದಿನ ಟೈರು ಮುಟ್ಟಿದರು. ಬೆಂಕಿಕಡ್ಡಿಗೂ ಹೆದರದ ಅಂಗೈ ಚುರ್ ಎಂದಿತು. ಮೀಟರ್ ಇಟ್ಟರೆ ನಲವತ್ತೊಂದು. ಬಿಸಿಗೆ ಗಾಳಿ ಉಬ್ಬಿ ಟೈರು ನೆಲದ ಹಿಡಿತ ಬಿಟ್ಟುಕೊಟ್ಟಿತ್ತು. "ಮುಂದ್ಗಡೆನೂ ಎರಡು ಎತ್ತು ಕಟ್ಟಿದಾರೆ ಅಂತ ನಂಗೆ ಹೊಳೀಲೇ ಇಲ್ಲ. ಗಾಡೀನೂ ಹೊಸ್ದು, ತೂಕಾನೂ ಜಾಸ್ತಿ. ನಾನು ಮಾತ್ರ ಹಳೇ ಪಾಠಾನೇ ಒಪ್ಪಿಸ್ತಿದ್ದೆ" ಎನ್ನುತ್ತಾರೆ.

ಕ್ಲಬ್ಬಿನಲ್ಲಿ ಯಾರೂ ಅವರನ್ನು ಅನುಮಾನಿಸಲಿಲ್ಲ. ಡಾಕ್ಟರಿಗೆ ತಪ್ಪು ಹೈಬ್ರಿಡ್ ಯಂತ್ರದ್ದು, ಉಳಿದವರಿಗೆ ಮೇಡಂ ಅವರ ಕೈಯದ್ದು. ಹೈಬ್ರಿಡ್ ಕಾರುಗಳನ್ನು ಟ್ರ್ಯಾಕ್‌ಗೆ ಬಿಡಬಾರದು ಎಂದು ಕಳೆದ ಭಾನುವಾರ ಡಾಕ್ಟರು ಸಭೆ ಕರೆದರು, ಕೈ ಎತ್ತಿಸುವುದೊಂದೇ ಬಾಕಿ. ಬಾಯಿ ಮುಚ್ಚಿಕೊಂಡಿದ್ದರೆ ಗಾಳಿಯಕ್ಕನ ಹೆಸರು ಹಾಗೇ ಉಳಿಯುತ್ತಿತ್ತು. ಅವರ ಯಜಮಾನರು ನಿವೃತ್ತ ಬಸ್ ಡ್ರೈವರ್, ಶೆಡ್ಡಿನಲ್ಲಿ ಟೀ ಕಾಯಿಸುವವರು. ಸಭೆಗೆ ಹೋಗುವ ಮುನ್ನ ಅವರು ಹೆಂಡತಿಗೆ ಹೇಳಿದ್ದು ಇಷ್ಟೇ: "ನೋಡೇ, ನಾನು ಮೂವತ್ತು ವರ್ಷ ಬಸ್ ಓಡಿಸ್ದೆ. ತಪ್ಪು ಮಾಡಿದ್ದಕ್ಕಿಂತ ಒಪ್ಕೊಂಡಿದ್ದಕ್ಕೇ ಹೆಚ್ಚು ಬೈಸ್ಕೊಂಡಿದೀನಿ. ಆದ್ರೆ ಒಪ್ಕೊಂಡ ದಿನ ಮಾತ್ರ ನಿದ್ದೆ ಬರ್ತಿತ್ತು."

ಸಭೆಯಲ್ಲಿ ಗಾಳಿಯಕ್ಕ ಎದ್ದು ನಿಂತು ಹೇಳಿಯೇಬಿಟ್ಟರು. "ಕಾರ್ದೂ ತಪ್ಪಿಲ್ಲ, ಮೇಡಂದೂ ತಪ್ಪಿಲ್ಲ. ಮುಂದಿನ ಟೈರು ನಾನು ನೋಡ್ಲಿಲ್ಲ." ಎತ್ತಲು ಸಜ್ಜಾಗಿದ್ದ ಕೈಗಳು ಎಷ್ಟು ಬೇಗ ಜೇಬು ಸೇರಿದವೆಂದರೆ ಎರಡು ಜೇಬು ಹರಿದೇಹೋದವು. ನಿಷೇಧದ ಮಾತು ಬಿದ್ದುಹೋಯಿತು. ಜೊತೆಗೆ ಗಾಳಿಯಕ್ಕನ ಸಾಲೂ. ಅಂದು ಬಂದ ಹದಿನಾರು ಕಾರುಗಳಲ್ಲಿ ಅವರ ಬಳಿ ನಿಂತದ್ದು ಎರಡು. ಉಳಿದವರು ತಮ್ಮ ಟೈರು ತಾವೇ ನೋಡಿಕೊಂಡರು.

ಆದ್ದರಿಂದಲೇ ಈ ಬೆಳಿಗ್ಗೆ ಎಲ್ಲರೂ ಬೇಲಿಗೆ ಆತು ನಿಂತಿದ್ದಾರೆ. ಈ ಸಲ ನಾಲ್ಕೂ ಟೈರಿಗೆ ಗೆರೆ. ಮೇಡಂ ಮೂರು ಸುತ್ತು ಮುಗಿಸಿ ಬಂದು ನಿಲ್ಲುತ್ತಾರೆ. ಗಾಳಿಯಕ್ಕ ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ಒಂದು ಯುಗ ಕಳೆಯುತ್ತದೆ, ಎರಡನೆಯದೂ ಅರ್ಧ ಆಗಿರಬೇಕು.

"ಮುಂದೆ ಇನ್ನೂ ಮೂರು ಪೌಂಡ್ ಇಳಿಸ್ಬೇಕು ಮೇಡಂ."

"ಅಕ್ಕಾ, ಕಾರಿನ ಪರದೇಲಿ ಟೈರಿನ ಗಾಳಿ ಎಲ್ಲ ಹಸಿರೇ ಇದೆ. ಇಳಿಸಿದ್ರೆ ಹಳದಿ ಬರುತ್ತೆ."

"ಬರ್ಲಿ. ಪರದೆ ಮಾಮೂಲಿ ರಸ್ತೆಗೆ ಹೇಳ್ತಿದೆ. ನಾನು ಈ ತಿರುವಿಗೆ ಹೇಳ್ತಿದೀನಿ. ಆದ್ರೆ ಹೋದ್ಸಲ ತಪ್ಪಿದ್ದೂ ನಾನೇ. ಯೋಚ್ನೆ ಮಾಡಿ."

ಮೇಡಂ ಪರದೆ ನೋಡುತ್ತಾರೆ, ಗಾಳಿಯಕ್ಕನ ಮುಖ ನೋಡುತ್ತಾರೆ. "ಇಳಿಸಿ" ಎಂದು ಬೆಲ್ಟ್ ಬಿಗಿದುಕೊಳ್ಳುತ್ತಾರೆ.

ಕಾರು ಸದ್ದಿಲ್ಲದೆ ಶೆಡ್ಡು ದಾಟಿ, ಟ್ರ್ಯಾಕ್ ಸೇರಿದ ಮೇಲೆ ಎಂಜಿನ್ ಗುಡುಗುತ್ತದೆ. ಗಾಳಿಯಕ್ಕ ಬೇಲಿಯ ಕಡೆ ಬರುವುದಿಲ್ಲ. ಬೆನ್ನು ಹಾಕಿ ನಿಂತು, ಒರೆಸಿದ ಜಾಕನ್ನೇ ಮತ್ತೆ ಮತ್ತೆ ಒರೆಸುತ್ತಾರೆ. ಮೊಣಕೈ ತಿರುವಿನಲ್ಲಿ ಬೂದು ಕಾರು ಒಳಗಿನ ಅಂಚಿಗೆ ಅಂಟಿಕೊಂಡು, ಸೂಜಿಯ ಹಿಂದೆ ದಾರ ಬಂದಂತೆ ತಿರುಗುತ್ತದೆ. ಮುಂದಿನ ಸುತ್ತಿನಲ್ಲೂ ಹಾಗೇ. ಬ್ಯಾಂಕ್ ಮ್ಯಾನೇಜರ್ ಹೊಡೆದ ಶಿಳ್ಳೆಗೆ ನನ್ನ ಎಡಗಿವಿ ಇನ್ನೂ ಗುಂಯ್‌ಗುಡುತ್ತಿದೆ.

ಸ್ವಲ್ಪ ಹೊತ್ತಿಗೆ ಡಾಕ್ಟರ ಕಾರು ಗುಡುಗುತ್ತಾ ಬಂದು ಏಳನೇ ಶೆಡ್ಡಿನ ಮುಂದೆ ನಿಲ್ಲುತ್ತದೆ. ಡಾಕ್ಟರು ಗಾಜು ಇಳಿಸುತ್ತಾರೆ.

"ಅಕ್ಕಾ, ಆ ಮೊಬೈಲ್ ಫೋನ್ ಬಗ್ಗೆ ನನ್ನ ಅಭಿಪ್ರಾಯ ಏನೂ ಬದಲಾಗಿಲ್ಲ. ಇದನ್ನ ಸ್ವಲ್ಪ ನೋಡಿ. ಮುಂದಿನವನ್ನೂ."

"ನಿಮ್ದು ಹಿಂದೆ ಮಾತ್ರ ದುಡಿಯೋ ಗಾಡಿ ಡಾಕ್ಟ್ರೇ."

"ಗೊತ್ತು. ಆದ್ರೂ ನೋಡಿ."

ಅವರ ಹಿಂದೆ ಮತ್ತೆರಡು ಕಾರು ಬಂದು ನಿಲ್ಲುತ್ತವೆ. ಸಾಲು ಎಂದರೆ ಸಾಲೇ, ಮೂರಾದರೇನು. ಇಷ್ಟು ವರ್ಷದ ದುಡಿಮೆಗೆ ಏನು ಬಯಸುತ್ತೀರಿ ಎಂದು ಕೇಳುತ್ತೇನೆ. ಗಾಳಿಯಕ್ಕ ಡಾಕ್ಟರ ಕಾರಿನ ಪಕ್ಕ ಮೊಣಕಾಲೂರಿ ಕೂತೇ ಉತ್ತರಿಸುತ್ತಾರೆ.

"ಸದ್ದು ಮಾಡೋ ಗಾಡಿ ಬರ್ಲಿ, ಮಾಡ್ದೇ ಇರೋದು ಬರ್ಲಿ. ನನ್ನ ಮಾತು ಕೇಳಿ ಹೋದೋರು ವಾಪಸ್ ಬರ್ಬೇಕು, ಅಷ್ಟೇ. ನನ್ನ ಬಯ್ಯೋಕೆ ಬಂದ್ರೂ ಪರವಾಗಿಲ್ಲ."